ಆಕ್ರಮಣಕಾರಿ ಅನ್ಯ ಪ್ರಭೇದಗಳ ಪತ್ತೆ ಮತ್ತು ವರದಿ: ಸಾರ್ವಜನಿಕರಿಗೆ ಮಾಹಿತಿ

ರಾಜ್ಯದ ಹೊಲ, ತೋಟ, ಕೆರೆ ಹಾಗೂ ಅರಣ್ಯಗಳಲ್ಲಿ ಹಿಂದೆ ಕಂಡಿರದ ಸಸ್ಯ, ಕೀಟ, ಮೀನು ಅಥವಾ ಇತರ ಜೀವಿಯೊಂದು ಕಂಡುಬಂದಾಗ ಅದನ್ನು ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವ ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇಂತಹ ವರದಿ ಸಲ್ಲಿಸಲು ಶುಲ್ಕವಿಲ್ಲ. ನಿಗದಿತ ನಮೂನೆಯ ಅಗತ್ಯವೂ ಇಲ್ಲ. ಬಿಳಿ ಹಾಳೆಯ ಮೇಲೆ ಬರೆದ ಮನವಿಯೇ ಸಾಕು. ವರದಿದಾರರು ಆ ಜಮೀನಿನ ಮಾಲೀಕರೇ ಆಗಿರಬೇಕಾಗಿಲ್ಲ. ಕಂಡ ಜೀವಿಯ ಹೆಸರು ತಿಳಿದಿರಬೇಕೆಂಬ ನಿರ್ಬಂಧವಂತೂ ಇಲ್ಲವೇ ಇಲ್ಲ. ಹೆಸರನ್ನು ನಿರ್ಧರಿಸುವುದು ತಜ್ಞರ ಕೆಲಸ. ಎಲ್ಲಿ, ಯಾವಾಗ, ಯಾವುದರ ಮೇಲೆ ಕಂಡಿತು ಎಂಬುದನ್ನು ಸರಿಯಾಗಿ ತಿಳಿಸುವುದಷ್ಟೇ ಸಾರ್ವಜನಿಕರಿಂದ ಅಪೇಕ್ಷಿಸಲಾದ ಕೆಲಸ.

ಆಕ್ರಮಣಕಾರಿ ಅನ್ಯ ಪ್ರಭೇದ ಎಂದರೇನು?

ಹೊರದೇಶದಿಂದ ಬಂದ ಜೀವಿಗಳೆಲ್ಲವೂ ಹಾನಿಕಾರಕವಲ್ಲ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಪಪ್ಪಾಯಿ, ಮುಸುಕಿನ ಜೋಳ ಇವೆಲ್ಲವೂ ಅಮೆರಿಕ ಖಂಡಗಳಿಂದ ಬಂದ ಬೆಳೆಗಳು. ಇವಿಲ್ಲದೆ ಇಂದಿನ ಅಡುಗೆಮನೆಯನ್ನು ಊಹಿಸುವುದು ಕಷ್ಟ. ಈ ಬೆಳೆಗಳು ರೈತರ ಆರೈಕೆಯಲ್ಲಿ ಇರುತ್ತವೆ, ತಾವಾಗಿಯೇ ಕಾಡನ್ನು ಆವರಿಸುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಕೆಲವು ಪ್ರಭೇದಗಳು ತಮ್ಮ ಮೂಲ ನೆಲೆಯಲ್ಲಿದ್ದ ಸ್ವಾಭಾವಿಕ ಶತ್ರುಗಳನ್ನು ಅಲ್ಲಿಯೇ ಬಿಟ್ಟು ಬಂದಿರುವುದರಿಂದ ಹೊಸ ನೆಲದಲ್ಲಿ ಅಂಕೆಯಿಲ್ಲದೆ ವೃದ್ಧಿಯಾಗುತ್ತವೆ. ಸ್ಥಳೀಯ ಸಸ್ಯ ಮತ್ತು ಪ್ರಾಣಿಗಳನ್ನು, ಬೆಳೆಗಳನ್ನು, ಕೆಲವೊಮ್ಮೆ ಮನುಷ್ಯರ ಆರೋಗ್ಯವನ್ನೂ ಬಾಧಿಸುತ್ತವೆ. ಇಂತಹವುಗಳನ್ನು ಆಕ್ರಮಣಕಾರಿ ಅನ್ಯ ಪ್ರಭೇದಗಳೆಂದು ಕರೆಯಲಾಗುತ್ತದೆ.

ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವಿಜ್ಞಾನ ವೇದಿಕೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮನುಷ್ಯರ ಚಟುವಟಿಕೆಯಿಂದ ಜಗತ್ತಿನಾದ್ಯಂತ ಹೊಸ ನೆಲೆಗಳನ್ನು ಸೇರಿರುವ ಪ್ರಭೇದಗಳ ಸಂಖ್ಯೆ 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕವೆಂದು ದಾಖಲಾಗಿರುವುದು 3,500ಕ್ಕೂ ಅಧಿಕ. ಅಂದರೆ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಆ ಒಂದು ಯಾವುದು ಎಂಬುದು ಮೊದಲ ದಿನ ಯಾರಿಗೂ ತಿಳಿದಿರುವುದಿಲ್ಲವಾದ್ದರಿಂದಲೇ ಅಪರಿಚಿತವಾದ ಪ್ರತಿಯೊಂದನ್ನೂ ತಿಳಿಸಬೇಕೆಂದು ಕೋರಲಾಗುತ್ತಿದೆ.

ಶೀಘ್ರ ವರದಿ ಏಕೆ?

ಹೊಸ ಜೀವಿಯು ಒಂದು ಪ್ರದೇಶಕ್ಕೆ ಬಂದ ದಿನಕ್ಕೂ ಅದು ಪಿಡುಗಾಗಿ ಪರಿಣಮಿಸುವ ದಿನಕ್ಕೂ ನಡುವೆ ಒಂದು ಅಂತರವಿರುತ್ತದೆ. ಈ ಅಂತರವು ಕೆಲವೊಮ್ಮೆ ಕೆಲವೇ ವಾರ, ಕೆಲವೊಮ್ಮೆ ಹಲವು ವರ್ಷ. ಪರಿಹಾರ ಕ್ರಮಗಳು ಸುಲಭವೂ ಅಗ್ಗವೂ ಆಗಿರುವುದು ಈ ಅವಧಿಯಲ್ಲಿ ಮಾತ್ರ. ಸಾಲದ ಮೇಲಿನ ಚಕ್ರಬಡ್ಡಿಯಂತೆ, ಮೊದಲ ಕಂತನ್ನು ಕಟ್ಟದವರಿಗೆ ನಂತರ ಅಸಲಿನ ಲೆಕ್ಕವೇ ಸಿಗುವುದಿಲ್ಲ. ರಾಜ್ಯದ ಇತ್ತೀಚಿನ ಅನುಭವದಿಂದ ಮೂರು ಪ್ರಕರಣಗಳನ್ನು ಇಲ್ಲಿ ಉಲ್ಲೇಖಿಸುವುದು ಸೂಕ್ತ.

ಮೊದಲನೆಯದು ಮುಸುಕಿನ ಜೋಳದ ಫಾಲ್ ಸೈನಿಕ ಹುಳು. ಅಮೆರಿಕ ಖಂಡಗಳ ಮೂಲದ ಈ ಕೀಟವು 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಇದನ್ನು ಮೊಟ್ಟಮೊದಲು ಗುರುತಿಸಿದ್ದು 2018ರ ಮೇ ತಿಂಗಳಿನಲ್ಲಿ, ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ. ಅದೇ ವರ್ಷದ ಜುಲೈ ವೇಳೆಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೂ ಇದರ ತೀವ್ರ ಬಾಧೆ ಕಂಡುಬಂದು, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆಯು ಎಚ್ಚರಿಕೆ ಪ್ರಕಟಣೆ ಹೊರಡಿಸಿತು. ವರ್ಷ ಮುಗಿಯುವ ಮೊದಲೇ ಅದು ತಮಿಳುನಾಡು, ತೆಲಂಗಾಣ, ಆಂಧ್ರಪ್ರದೇಶ, ಮಹಾರಾಷ್ಟ್ರಗಳನ್ನು ತಲುಪಿತು. 2019ರಲ್ಲಿ ಈಶಾನ್ಯ ರಾಜ್ಯಗಳಲ್ಲಿಯೂ ಕಂಡಿತು. ಇದರ ಪತಂಗವು ಗಾಳಿಯ ನೆರವಿನಿಂದ ಒಂದೇ ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ದೂರ ಸಾಗಬಲ್ಲದು. ಮೇಲ್ನೋಟಕ್ಕೆ ಈ ಹುಳು ರೈತರಿಗೆ ಮೊದಲಿನಿಂದ ಪರಿಚಯವಿದ್ದ ಸೈನಿಕ ಹುಳುವಿನಂತೆಯೇ ಇರುತ್ತದೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂತಹ ಬಿಳಿ ಗೆರೆ ಮತ್ತು ಬಾಲದ ಸಮೀಪದ ಖಂಡದಲ್ಲಿ ಚೌಕಾಕಾರವಾಗಿ ಇರುವ ನಾಲ್ಕು ಕಪ್ಪು ಚುಕ್ಕೆಗಳು ಇದರ ಲಕ್ಷಣ. ಸುಳಿಯೊಳಗೆ ಮರದ ಹೊಟ್ಟಿನಂತಹ ಹಿಕ್ಕೆ ತುಂಬಿರುತ್ತದೆ. ಹೊಲದ ಅಂಚಿನಲ್ಲಿ ನಿಂತು ನೋಡಿದರೆ ಈ ಲಕ್ಷಣಗಳು ಕಾಣುವುದಿಲ್ಲ. ಸುಳಿ ಬಿಡಿಸಿ ನೋಡಬೇಕು.

ಎರಡನೆಯದು ಮೆಣಸಿನಕಾಯಿ ಬೆಳೆಯ ಕಪ್ಪು ಥ್ರಿಪ್ಸ್ ನುಸಿ. ಆಗ್ನೇಯ ಏಷ್ಯಾ ಮೂಲದ ಈ ನುಸಿಯು ಭಾರತದಲ್ಲಿ ಮೊದಲು ವರದಿಯಾಗಿದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡಗಳ ಮೇಲೆ. ಆರು ವರ್ಷ ಅದರಿಂದ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. 2021ರಲ್ಲಿ ಅದೇ ನುಸಿ ಆಂಧ್ರಪ್ರದೇಶ, ತೆಲಂಗಾಣ ಮತ್ತು ಕರ್ನಾಟಕದ ಬಳ್ಳಾರಿ, ರಾಯಚೂರು ಭಾಗದ ಮೆಣಸಿನಕಾಯಿ ಹೊಲಗಳ ಹೂವುಗಳಲ್ಲಿ ಮುತ್ತಿಕೊಂಡಿತು. ಹೂವು ಉದುರಿ ಕಾಯಿ ಕಟ್ಟದೆ ರೈತರು ಬೆಳೆಯನ್ನೇ ಕಿತ್ತುಹಾಕಿದ ಉದಾಹರಣೆಗಳು ಆ ಹಂಗಾಮಿನಲ್ಲಿ ಕಂಡವು. ಮೊದಲ ವರದಿಗೂ ಹಾನಿಗೂ ನಡುವಿನ ಆ ಆರು ವರ್ಷಗಳಲ್ಲಿ ನುಸಿಯು ಯಾವ ಬೆಳೆಯಿಂದ ಯಾವ ಬೆಳೆಗೆ, ಯಾವ ಊರಿನಿಂದ ಯಾವ ಊರಿಗೆ ಸಾಗುತ್ತಿದೆ ಎಂಬುದನ್ನು ಹೊಲದಲ್ಲಿ ದಿನವೂ ಓಡಾಡುವವರು ಮಾತ್ರ ಗಮನಿಸಬಹುದಾಗಿತ್ತು.

ಮೂರನೆಯ ಪ್ರಕರಣ ಸಮಾಧಾನ ತರುವಂತಹುದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಮೂಲದ ಪಪ್ಪಾಯಿ ಹಿಟ್ಟು ತಿಗಣೆಯು 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾಗಿ, ಪಪ್ಪಾಯಿಯನ್ನಲ್ಲದೆ ಹಿಪ್ಪುನೇರಳೆಯನ್ನೂ ಬಾಧಿಸಿ ರೇಷ್ಮೆ ಬೆಳೆಗಾರರಿಗೆ ನಷ್ಟವುಂಟುಮಾಡಿತು. ತಿಗಣೆ ಯಾವುದೆಂದು ನಿಖರವಾಗಿ ಗುರುತಿಸಲಾಗಿದ್ದರಿಂದ ಅದರ ಸ್ವಾಭಾವಿಕ ಶತ್ರುವನ್ನು ಹುಡುಕುವುದು ಸಾಧ್ಯವಾಯಿತು. 2010ರಲ್ಲಿ ಬೆಂಗಳೂರಿನ ಸಂಸ್ಥೆಯು ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬಿಡುಗಡೆ ಮಾಡಿತು. ಅವುಗಳಲ್ಲಿ ಒಂದು ಈ ನೆಲದಲ್ಲಿ ನೆಲೆಯೂರಿ, ಔಷಧ ಸಿಂಪಡಣೆಗೆ ಜಗ್ಗದಿದ್ದ ತಿಗಣೆಯನ್ನು ಹತೋಟಿಗೆ ತಂದಿತು. ತಪ್ಪು ಹೆಸರಿನ ತಿಗಣೆಗೆ ಸರಿಯಾದ ಕಣಜವನ್ನು ಯಾರೂ ತರಿಸಲಾಗುತ್ತಿರಲಿಲ್ಲ.

ವರದಿಯಲ್ಲಿ ಇರಬೇಕಾದ ವಿವರಗಳು

ಸ್ಥಳ, ದಿನಾಂಕ, ಛಾಯಾಚಿತ್ರ ಮತ್ತು ಸಂಪರ್ಕ ವಿಳಾಸ: ಈ ನಾಲ್ಕು ಇಲ್ಲದ ವರದಿಯ ಮೇಲೆ ಕ್ರಮ ಕೈಗೊಳ್ಳುವುದು ಕಷ್ಟಸಾಧ್ಯ. ಈ ಪೈಕಿ ಹೆಚ್ಚಾಗಿ ಕೊರತೆಯಾಗುವುದು ಸ್ಥಳದ ವಿವರ. "ನಮ್ಮ ಊರಿನ ಕೆರೆ" ಎಂದು ಬರೆದರೆ ಅಧಿಕಾರಿಯು ಯಾವ ಕೆರೆಗೆ ಹೋಗಬೇಕು? ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಇವುಗಳೊಂದಿಗೆ, ಜಮೀನಾಗಿದ್ದಲ್ಲಿ ಪಹಣಿಯಲ್ಲಿರುವ ಸರ್ವೆ ನಂಬರನ್ನು ನಮೂದಿಸುವುದು ಉತ್ತಮ. ಸರ್ವೆ ನಂಬರು ತಿಳಿಯದಿದ್ದಲ್ಲಿ ಹತ್ತಿರದ ಶಾಲೆ, ದೇವಸ್ಥಾನ, ಸೇತುವೆ ಅಥವಾ ಕಿಲೋಮೀಟರ್ ಕಲ್ಲಿನಿಂದ ಯಾವ ದಿಕ್ಕಿನಲ್ಲಿ ಎಷ್ಟು ದೂರ ಎಂಬುದನ್ನು ಬರೆಯಬಹುದು. ಮೊಬೈಲ್ ಫೋನಿನ ನಕ್ಷೆಯಲ್ಲಿ ದೊರೆಯುವ ಅಕ್ಷಾಂಶ ಮತ್ತು ರೇಖಾಂಶದ ಅಂಕಿಗಳು ಎಲ್ಲಕ್ಕಿಂತ ನಿಖರ.

ಇದಲ್ಲದೆ ಜೀವಿಯು ಕಂಡ ಬೆಳೆ ಅಥವಾ ಸಸ್ಯ, ಬೆಳೆಯ ವಯಸ್ಸು, ಬಾಧೆಗೊಳಗಾದ ಭಾಗ (ಎಲೆ, ಕಾಂಡ, ಹೂವು, ಕಾಯಿ), ಅಂದಾಜು ಎಷ್ಟು ವಿಸ್ತೀರ್ಣದಲ್ಲಿ ಹರಡಿದೆ, ಮೊದಲು ಯಾವಾಗ ಗಮನಕ್ಕೆ ಬಂತು, ಈಗಾಗಲೇ ಯಾವುದಾದರೂ ಔಷಧ ಸಿಂಪಡಿಸಲಾಗಿದೆಯೇ ಎಂಬುದನ್ನೂ ತಿಳಿಸತಕ್ಕದ್ದು. ಇತ್ತೀಚೆಗೆ ಹೊರ ಜಿಲ್ಲೆ ಅಥವಾ ಹೊರ ರಾಜ್ಯದಿಂದ ಸಸಿ, ಬೀಜ, ಗೊಬ್ಬರ ಅಥವಾ ಮೀನುಮರಿ ತರಿಸಿದ್ದಲ್ಲಿ ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಜೀವಿಯು ಬಂದ ದಾರಿಯನ್ನು ಪತ್ತೆಹಚ್ಚಲು ಅದು ನೆರವಾಗುತ್ತದೆ.

ಛಾಯಾಚಿತ್ರಗಳು ಕನಿಷ್ಠ ಮೂರು ಇರಲಿ. ಒಂದರಲ್ಲಿ ಸುತ್ತಲಿನ ಪ್ರದೇಶ, ಒಂದರಲ್ಲಿ ಇಡೀ ಗಿಡ ಅಥವಾ ಪ್ರಾಣಿ, ಇನ್ನೊಂದರಲ್ಲಿ ಅತಿ ಸಮೀಪದ ನೋಟ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನೋ ಪೆನ್ನನ್ನೋ ಇಡುವುದು ಒಳಿತು. ಸಸ್ಯವಾದಲ್ಲಿ ಎಲೆಯ ಎರಡೂ ಬದಿ, ಹೂವು ಮತ್ತು ಕಾಯಿ ಇರಬೇಕು. ಎಲೆಯೊಂದರಿಂದಲೇ ಗುರುತಿಸುವುದು ಅನೇಕ ಬಾರಿ ತಜ್ಞರಿಂದಲೂ ಆಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಚಿತ್ರದಲ್ಲಿ ಅಡಕವಾಗಿರುವ ಸ್ಥಳದ ಮಾಹಿತಿ ಅಳಿಸಿಹೋಗಿ, ಚಿತ್ರದ ಸ್ಪಷ್ಟತೆಯೂ ಕುಗ್ಗುತ್ತದೆ. ಆದುದರಿಂದ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಸ್ಥಳವನ್ನು ಪ್ರತ್ಯೇಕವಾಗಿ ಬರೆಯುವಂತೆ ಕೋರಲಾಗಿದೆ.

ಹೆಸರುಗಳ ಗೊಂದಲ ಮತ್ತು ತಪ್ಪು ಗುರುತು

ಆಡುಮಾತಿನ ಹೆಸರುಗಳು ಊರಿಂದ ಊರಿಗೆ ಬದಲಾಗುತ್ತವೆ. ಕೆರೆಗಳ ಮೇಲೆ ಹಾಸಿಕೊಳ್ಳುವ ಕಳೆಯನ್ನು ಅನೇಕ ಕಡೆ ಅಂತರಗಂಗೆ ಎನ್ನುತ್ತಾರೆ. ಆದರೆ ಅದೇ ಹೆಸರಿನಿಂದ ಎರಡು ಬೇರೆ ಬೇರೆ ಸಸ್ಯಗಳನ್ನು ಕರೆಯುವುದುಂಟು. ಒಂದು, ಎಲೆಕೋಸಿನಂತೆ ಸುತ್ತಿಕೊಂಡ ಮಖಮಲ್ಲಿನಂತಹ ಎಲೆಗಳ ಗಿಡ. ಇನ್ನೊಂದು, ಊದಿಕೊಂಡ ಎಲೆತೊಟ್ಟುಗಳೂ ನೇರಳೆ ಬಣ್ಣದ ಹೂಗೊಂಚಲೂ ಇರುವ, ದಕ್ಷಿಣ ಅಮೆರಿಕ ಮೂಲದ ವಾಟರ್ ಹಯಸಿಂತ್. ಎರಡರ ನಿಯಂತ್ರಣಕ್ಕೆ ಬಳಸುವ ಕೀಟಗಳೂ ಬೇರೆ ಬೇರೆ. ವರದಿಯಲ್ಲಿ ಸ್ಥಳೀಯ ಹೆಸರನ್ನು ಅವಶ್ಯವಾಗಿ ಬರೆಯಿರಿ, ಆದರೆ ಚಿತ್ರವಿಲ್ಲದೆ ಹೆಸರನ್ನು ಮಾತ್ರ ಬರೆಯಬೇಡಿ.

ತಪ್ಪು ಗುರುತಿನಿಂದ ನಿಜವಾದ ಹಾನಿಯಾಗುವುದು ಜನರು ತಾವಾಗಿಯೇ ನಾಶಕ್ಕೆ ತೊಡಗಿದಾಗ. ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರವು ಇದಕ್ಕೆ ತಕ್ಕ ಉದಾಹರಣೆ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಈ ಮರವನ್ನು ಅಲಂಕಾರಕ್ಕಾಗಿ, ನೆರಳಿಗಾಗಿ ಬೆಳೆಸಲಾಗಿತ್ತು. ಇಂದು ಅದು ಬಂಡೀಪುರ, ನಾಗರಹೊಳೆ ಹಾಗೂ ನೆರೆಯ ವಯನಾಡು, ಮುದುಮಲೈ ಅರಣ್ಯಗಳಲ್ಲಿ ದಟ್ಟವಾಗಿ ಹಬ್ಬಿ, ಅದರ ನೆರಳಿನಲ್ಲಿ ಹುಲ್ಲು ಬೆಳೆಯದೆ ಜಿಂಕೆ, ಕಾಟಿ, ಆನೆಗಳ ಮೇವು ಕುಂಠಿತವಾಗುತ್ತಿದೆ. ಕಡಿದರೆ ಬುಡದಿಂದ ಹಲವು ಚಿಗುರುಗಳು ಏಳುವುದರಿಂದ ಕೊಡಲಿಯಿಂದ ಕಡಿಯುವುದು ಸಮಸ್ಯೆಯನ್ನು ಹೆಚ್ಚಿಸುತ್ತದೆಯೇ ಹೊರತು ಪರಿಹರಿಸುವುದಿಲ್ಲ.

ಇಂತಹ ಮರವೆಂದು ಭಾವಿಸಿ ನಮ್ಮ ನಾಡಿನ ಕಕ್ಕೆ ಮರವನ್ನು ಕಡಿದರೆ ಅದು ಸರಿಪಡಿಸಲಾಗದ ತಪ್ಪು. ಕಕ್ಕೆಯ ಹೂಗೊಂಚಲುಗಳು ಬೇಸಿಗೆಯಲ್ಲಿ, ಯುಗಾದಿಯ ಆಸುಪಾಸಿನಿಂದ, ಕೆಳಮುಖವಾಗಿ ತೂಗುತ್ತವೆ. ಎಲೆಗಳಲ್ಲಿ ಮೂರರಿಂದ ಎಂಟು ಜೊತೆ ದೊಡ್ಡ ಎಲೆಚೂರುಗಳಿದ್ದು, ಕೋಲಿನಂತಹ ಉದ್ದ ಕಾಯಿಗಳಿರುತ್ತವೆ. ಸೆನ್ನಾ ಸ್ಪೆಕ್ಟಾಬಿಲಿಸ್‌ನ ಗೊಂಚಲುಗಳು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುತ್ತವೆ, ಎಲೆಚೂರುಗಳು ಸಣ್ಣವು, ಕಿರಿದಾದವು, ತುದಿ ಚೂಪಾದವು ಮತ್ತು ಸಂಖ್ಯೆಯಲ್ಲಿ ಹೆಚ್ಚು. ರಸ್ತೆ ಬದಿಯ ಸೀಮೆ ತಂಗಡಿಯೂ ಮೇಲ್ಮುಖವಾಗಿ ಹೂ ಬಿಡುವುದರಿಂದ ಗೊಂಚಲೊಂದನ್ನೇ ನಂಬುವಂತಿಲ್ಲ; ಅದರ ಎಲೆಚೂರಿನ ತುದಿ ಮೊಂಡು, ಕಾಯಿ ಚಪ್ಪಟೆ. ಇಷ್ಟನ್ನು ಓದಿದ ಮೇಲೂ ಅನುಮಾನ ಉಳಿದರೆ ಅದು ಸಹಜ, ವರದಿಯಲ್ಲಿ "ಅನುಮಾನವಿದೆ" ಎಂದೇ ಬರೆಯಬಹುದು.

ಬಸವನಹುಳುಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ಆಫ್ರಿಕಾದ ದೈತ್ಯ ಬಸವನಹುಳುವನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದವರು ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ. ಚಿಪ್ಪುಗಳ ಅಧ್ಯಯನದಲ್ಲಿ ಅವರಿಗೆ ಆಸಕ್ತಿಯಿತ್ತು. ಒಂದು ಉದ್ಯಾನದಲ್ಲಿ ಬಿಟ್ಟ ಆ ಹುಳುವಿನ ಸಂತತಿ ಇಂದು ದೇಶದ ಬಹುಭಾಗದಲ್ಲಿದೆ. ಕೊಡಗಿನ ಶನಿವಾರಸಂತೆ ಭಾಗದ ಕಾಫಿ ತೋಟಗಳಲ್ಲಿ, ಬೆಂಗಳೂರಿನ ಹಿತ್ತಲುಗಳಲ್ಲಿ ಮಳೆ ಬಿದ್ದ ರಾತ್ರಿ ಅದು ಗುಂಪುಗುಂಪಾಗಿ ಹೊರಬರುತ್ತದೆ. ಒಂದೇ ಹುಳುವಿನಲ್ಲಿ ಗಂಡು ಮತ್ತು ಹೆಣ್ಣು ಎರಡೂ ಅಂಗಗಳಿದ್ದು, ಒಂದು ಬಾರಿಗೆ ನೂರಾರು ಮೊಟ್ಟೆ ಇಡುತ್ತದೆ. ಕಂದು ಪಟ್ಟೆಗಳುಳ್ಳ, ತುದಿ ಚೂಪಾದ ಶಂಕುವಿನಾಕಾರದ ಚಿಪ್ಪು ಅದರ ಗುರುತು. ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದ, ಕೆಂಪು ಅಥವಾ ಹಳದಿ ದೇಹದ, ತೆಳುವಾದ ದುಂಡು ಚಿಪ್ಪಿನ ಇಂಡ್ರೆಲಾ ಎಂಬ ಬಸವನಹುಳುವೂ ಅದೇ ಮಳೆಗಾಲದಲ್ಲಿ ಹೊರಬರುತ್ತದೆ. ಇದನ್ನು ಕೊಲ್ಲತಕ್ಕದ್ದಲ್ಲ.

ದೈತ್ಯ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು. ಇಲಿಯ ಶ್ವಾಸಕೋಶದ ಹುಳು ಎಂಬ ಪರಾವಲಂಬಿಯನ್ನು ಅದು ಹೊತ್ತಿರಬಹುದಾಗಿದ್ದು, ಮನುಷ್ಯರ ದೇಹ ಸೇರಿದರೆ ಮಿದುಳು ಪೊರೆಯ ಉರಿಯೂತಕ್ಕೆ ಕಾರಣವಾಗುತ್ತದೆ. ಕೈಗವಸು ಧರಿಸಿ, ನಂತರ ಸಾಬೂನಿನಿಂದ ಕೈ ತೊಳೆಯುವುದು, ಮಕ್ಕಳನ್ನು ದೂರವಿಡುವುದು ಹಾಗೂ ತೋಟದ ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆದು ಬಳಸುವುದು ಕಡ್ಡಾಯವೆಂದೇ ತಿಳಿಯಬೇಕು. ತೋಟದ ತುಂಬ ಉಪ್ಪು ಚೆಲ್ಲುವ ರೂಢಿಯಿಂದ ಹುಳುವಿಗಿಂತ ಮಣ್ಣಿಗೇ ಹೆಚ್ಚು ನಷ್ಟ.

ಹೊರದೇಶದ ಜೀವಿಯೆಂಬ ಒಂದೇ ಕಾರಣಕ್ಕೆ ಕೊಲ್ಲಬಾರದ ಕೀಟಗಳೂ ಇವೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದು ದೇಶವನ್ನೆಲ್ಲ ವ್ಯಾಪಿಸಿದ ಪಾರ್ಥೇನಿಯಂ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕೆನೆ ಬಣ್ಣದ ರೆಕ್ಕೆಕವಚದ ಮೇಲೆ ಕಂದು ಗೆರೆಗಳಿರುವ ಈ ಪುಟ್ಟ ದುಂಬಿ ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳ ಮೇಲೆ ಹೇರಳವಾಗಿ ಕಾಣುತ್ತದೆ. ಅದರ ಮೇಲೆ ಔಷಧ ಹೊಡೆಯುವುದು ಕೂಲಿಯಿಲ್ಲದೆ ಕಳೆ ಕೀಳುವ ಆಳನ್ನು ಓಡಿಸಿದಂತೆ. ತೆಂಗಿನ ಎಲೆಯಡಿ 2016ರಿಂದ ಕಾಣುತ್ತಿರುವ ಸುರುಳಿಯಾಕಾರದ ಬಿಳಿ ನೊಣಕ್ಕೂ ಸ್ವಾಭಾವಿಕ ಶತ್ರುವಾದ ಸಣ್ಣ ಕಣಜವೊಂದಿದ್ದು, ಕೀಟನಾಶಕ ಸಿಂಪಡಣೆಯಿಂದ ಮೊದಲು ಸಾಯುವುದು ಆ ಕಣಜ.

ಮಾದರಿ ಸಂಗ್ರಹಿಸುವಾಗ

ಛಾಯಾಚಿತ್ರ ಸಾಲದೆಂದು ಅಧಿಕಾರಿಗಳು ತಿಳಿಸಿದಲ್ಲಿ ಮಾತ್ರ ಮಾದರಿ ಸಂಗ್ರಹಿಸತಕ್ಕದ್ದು. ಜೀವಂತ ಕೀಟ, ಬಸವನಹುಳು, ಮೀನು ಅಥವಾ ಬೀಜವಿರುವ ಗಿಡವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಾಲ್ಲೂಕು ಕಚೇರಿಗೆ ಒಯ್ಯುವುದು, ಅಂಚೆಯಲ್ಲಿ ಕಳುಹಿಸುವುದು ಸರ್ವಥಾ ಸಲ್ಲದು. ಒಂದು ಊರಿನ ಪಿಡುಗನ್ನು ಇನ್ನೊಂದು ಊರಿಗೆ ತಲುಪಿಸಲು ಇದಕ್ಕಿಂತ ಸುಲಭದ ಮಾರ್ಗ ಬೇರೊಂದಿಲ್ಲ.

ಕೀಟಗಳನ್ನು ಬಿಗಿಯಾದ ಮುಚ್ಚಳದ ಸಣ್ಣ ಗಾಜಿನ ಶೀಶೆಯಲ್ಲಿ, ಔಷಧಿ ಅಂಗಡಿಗಳಲ್ಲಿ ದೊರೆಯುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಇಡಬಹುದು. ಮೃದು ದೇಹದ ಹುಳುಗಳನ್ನು ಮೊದಲು ಕುದಿಯುವ ನೀರಿನಲ್ಲಿ ಕ್ಷಣಕಾಲ ಅದ್ದಿದರೆ ಅವು ಕಪ್ಪಾಗುವುದಿಲ್ಲ. ಸ್ಥಳ ಮತ್ತು ದಿನಾಂಕದ ಚೀಟಿಯನ್ನು ಪೆನ್ಸಿಲ್‌ನಿಂದ ಬರೆದು ಶೀಶೆಯೊಳಗೇ ಹಾಕಬೇಕು. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿ ಚೀಟಿ ಖಾಲಿಯಾಗುತ್ತದೆ. ಸಸ್ಯದ ಒಂದು ಕೊಂಬೆಯನ್ನು ಹೂವು ಸಹಿತ ಹಳೆಯ ದಿನಪತ್ರಿಕೆಯ ಪುಟಗಳ ನಡುವೆ ಹರಡಿ, ಮೇಲೆ ಭಾರವಿಟ್ಟು ಒಣಗಿಸತಕ್ಕದ್ದು. ಪಾರ್ಥೇನಿಯಂ ಚರ್ಮದ ಅಲರ್ಜಿ ಹಾಗೂ ಉಬ್ಬಸಕ್ಕೆ ಕಾರಣವಾಗಬಹುದಾದ್ದರಿಂದ ಅದನ್ನು ಕೀಳುವವರು ಕೈಗವಸು ಧರಿಸಿ, ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಹೂ ಬಿಡುವ ಮೊದಲೇ ಕಿತ್ತರೆ ಬೀಜ ಚೆಲ್ಲುವುದೂ ತಪ್ಪುತ್ತದೆ.

ಅರಣ್ಯ ಪ್ರದೇಶದಿಂದ ಅನುಮತಿಯಿಲ್ಲದೆ ಯಾವುದೇ ಮಾದರಿಯನ್ನು, ಅದು ಕಳೆಯೇ ಆಗಿರಲಿ, ತರಬಾರದು. ಚಿತ್ರ ಮತ್ತು ಸ್ಥಳದ ವಿವರ ಅಲ್ಲಿಗೆ ಸಾಕು.

ಯಾರಿಗೆ ತಿಳಿಸಬೇಕು?

ಕೃಷಿ ಬೆಳೆಗಳಿಗೆ ಸಂಬಂಧಿಸಿದ ವರದಿಯನ್ನು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಕ್ಕೆ, ಹಣ್ಣು, ತರಕಾರಿ ಮತ್ತು ತೋಟದ ಬೆಳೆಗಳಿಗೆ ಸಂಬಂಧಿಸಿದ್ದನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ನೀಡಬಹುದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನೂ ನೇರವಾಗಿ ಭೇಟಿ ಮಾಡಬಹುದು. ದೂರವಾಣಿ ಮೂಲಕ ಸಲಹೆ ಬಯಸುವವರು ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ಸಂಖ್ಯೆ 1800 180 1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಕೇಂದ್ರ ಕೃಷಿ ಸಚಿವಾಲಯವು 2024ರ ಆಗಸ್ಟ್‌ನಲ್ಲಿ ಆರಂಭಿಸಿದ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯ ಮೊಬೈಲ್ ಆ್ಯಪ್‌ನಲ್ಲಿ ಬೆಳೆಯ ಚಿತ್ರ ಸೇರಿಸಿ ಕೀಟದ ವಿವರ ಪಡೆಯುವ ಸೌಲಭ್ಯವಿದೆ. ಆದರೆ ಆ್ಯಪ್ ನೀಡಿದ ಹೆಸರನ್ನೇ ಅಂತಿಮವೆಂದು ತಿಳಿದು ಔಷಧ ಖರೀದಿಸುವುದು ಆತುರದ ಕ್ರಮವಾಗುತ್ತದೆ. ಯಂತ್ರವು ತಾನು ಮೊದಲು ಕಂಡ ಕೀಟವನ್ನೇ ಗುರುತಿಸಬಲ್ಲದು. ನಾಡಿಗೆ ಹೊಸದಾದದ್ದನ್ನು ಹಳೆಯದೆಂದೇ ಓದುವ ಸಂಭವವಿದೆ.

ಅರಣ್ಯ ಮತ್ತು ಅದರ ಅಂಚಿನ ಪ್ರದೇಶಗಳ ವರದಿಯನ್ನು ವಲಯ ಅರಣ್ಯಾಧಿಕಾರಿಗಳಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಸಲ್ಲಿಸಬಹುದು. ಕೆರೆ, ಹೊಳೆ, ಜಲಾಶಯಗಳಲ್ಲಿ ಅಪರಿಚಿತ ಮೀನು ಕಂಡಲ್ಲಿ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ತಿಳಿಸತಕ್ಕದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರವು 2000ನೇ ಇಸವಿಯಲ್ಲಿಯೇ ನಿಷೇಧಿಸಿದ್ದರೂ ಗುಪ್ತವಾಗಿ ಸಾಕುವ ಪ್ರಕರಣಗಳು ಆಗಾಗ್ಗೆ ಬೆಳಕಿಗೆ ಬರುತ್ತಿವೆ. ಹೊಂಡ ತುಂಬಿ ಹರಿದಾಗ ಕೆರೆ ಸೇರುವ ಈ ಮೀನು ಇತರ ಮೀನುಗಳನ್ನು, ಅವುಗಳ ಮರಿಗಳನ್ನು ತಿಂದುಹಾಕುತ್ತದೆ.

ಯಾವ ಕಚೇರಿಗೆ ಹೋಗಬೇಕೆಂಬುದೇ ತಿಳಿಯದಿದ್ದಲ್ಲಿ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸಬಹುದು. ಜೀವವೈವಿಧ್ಯ ಕಾಯ್ದೆ 2002ರ ಅನ್ವಯ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕಾಗಿದ್ದು, ಊರಿನ ಜೀವಿಗಳ ದಾಖಲೆಯಾದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಈ ಸಮಿತಿಯ ಕೆಲಸ. ಊರಿನಲ್ಲಿ ಮೊದಲು ಏನಿತ್ತು ಎಂಬ ಲಿಖಿತ ದಾಖಲೆ ಇದ್ದಾಗ ಮಾತ್ರ ಹೊಸದಾಗಿ ಬಂದದ್ದು ಯಾವುದೆಂದು ಹೇಳಲು ಸಾಧ್ಯ. ಈ ದೃಷ್ಟಿಯಿಂದ ಹಿರಿಯ ಕೃಷಿಕರ, ಕುರಿಗಾಹಿಗಳ, ಮೀನುಗಾರರ ಹಾಗೂ ಅರಣ್ಯವಾಸಿ ಸಮುದಾಯಗಳ ನೆನಪು ಯಾವ ಪ್ರಯೋಗಾಲಯದಲ್ಲಿಯೂ ಸಿಗದ ಸಾಕ್ಷ್ಯ. "ನಮ್ಮ ಕಾಲದಲ್ಲಿ ಈ ಗಿಡ ಇರಲಿಲ್ಲ" ಎಂದು ಹಿರಿಯರು ಹೇಳಿದರೆ ಅದನ್ನು ಅವರ ವಯಸ್ಸಿನೊಂದಿಗೆ ವರದಿಯಲ್ಲಿ ಸೇರಿಸುವುದು ಉಪಯುಕ್ತ.

ವರದಿ ಸಲ್ಲಿಸಿದ ನಂತರ

ಚಿತ್ರಗಳ ಪರಿಶೀಲನೆಯಿಂದ ಜೀವಿಯು ಈಗಾಗಲೇ ವ್ಯಾಪಕವಾಗಿರುವ ಪ್ರಭೇದವೆಂದು ತಿಳಿದುಬಂದಲ್ಲಿ ನಿಯಂತ್ರಣದ ಸಲಹೆಯೊಂದಿಗೆ ವರದಿ ಮುಕ್ತಾಯವಾಗುತ್ತದೆ. ಲಂಟಾನ, ಪಾರ್ಥೇನಿಯಂ ಮುಂತಾದವುಗಳ ಬಗ್ಗೆ ಬರುವ ವರದಿಗಳು ಈ ವರ್ಗಕ್ಕೆ ಸೇರುತ್ತವೆ. ಹೊಸದೆಂಬ ಸಂದೇಹವಿದ್ದಲ್ಲಿ ಸ್ಥಳ ಪರಿಶೀಲನೆ, ಮಾದರಿಯ ಪರೀಕ್ಷೆ ಹಾಗೂ ಸುತ್ತಲಿನ ಗ್ರಾಮಗಳ ಸಮೀಕ್ಷೆ ನಡೆಯಬೇಕಾಗುತ್ತದೆ. ಪ್ರಭೇದದ ನಿಖರ ಗುರುತಿಗೆ ಕೆಲವೊಮ್ಮೆ ಸೂಕ್ಷ್ಮದರ್ಶಕ ಅಥವಾ ಡಿಎನ್‌ಎ ಪರೀಕ್ಷೆ ಬೇಕಾಗುವುದರಿಂದ ಉತ್ತರ ತಡವಾಗಬಹುದು. ಈ ಅವಧಿಯಲ್ಲಿ ವರದಿದಾರರು ಆ ಸ್ಥಳದ ಸಸಿ, ಬೀಜ, ಮೇವು, ಗೊಬ್ಬರ, ಮಣ್ಣನ್ನು ಹೊರಗೆ ಸಾಗಿಸದಿರುವುದು ಮತ್ತು ನೇಗಿಲು, ಟ್ರ್ಯಾಕ್ಟರ್ ಚಕ್ರ, ಬಲೆಗಳನ್ನು ತೊಳೆದು ಬಳಸುವುದು ಅಪೇಕ್ಷಣೀಯ.

ವರದಿ ತಪ್ಪಾಗಿತ್ತೆಂದು ನಂತರ ತಿಳಿದರೆ ವರದಿದಾರರು ಸಂಕೋಚಪಡಬೇಕಾಗಿಲ್ಲ. ಪ್ರಾಮಾಣಿಕವಾಗಿ ಕಂಡದ್ದನ್ನು ತಿಳಿಸಿದ ವರದಿಯು, ಜೀವಿ ಅಪಾಯಕಾರಿಯಲ್ಲವೆಂದು ತೀರ್ಮಾನವಾದರೂ, ಆ ದಿನ ಆ ಸ್ಥಳದಲ್ಲಿ ಏನಿತ್ತು ಎಂಬ ದಾಖಲೆಯಾಗಿ ಉಳಿಯುತ್ತದೆ. ಇದಕ್ಕೆ ಬದಲಾಗಿ, ಸಂದೇಹವನ್ನು ನೆರೆಯವರ ಮೇಲಿನ ದೂರಾಗಿ ಬರೆಯುವುದು, ಪರಿಶೀಲನೆಗೆ ಮುನ್ನವೇ ಸಾಮಾಜಿಕ ಜಾಲತಾಣಗಳಲ್ಲಿ "ಮಾರಕ ಹುಳು" ಎಂದು ಪ್ರಚಾರ ಮಾಡುವುದು ಮಾರುಕಟ್ಟೆಯಲ್ಲಿ ಆ ಊರಿನ ಫಸಲಿನ ಬೆಲೆಯನ್ನು ಅನಗತ್ಯವಾಗಿ ಕುಗ್ಗಿಸುತ್ತದೆ.

ಸಂಬಂಧಿಸಿದ ಕಾನೂನುಗಳು

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರ 62ಎ ಪ್ರಕರಣದ ಪ್ರಕಾರ ಆಕ್ರಮಣಕಾರಿ ಅನ್ಯ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಅಥವಾ ವೃದ್ಧಿಯನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಇಲ್ಲವೇ ನಿಷೇಧಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಬೆಳೆ ಪೀಡೆಗಳ ವಿಷಯದಲ್ಲಿ ಕರ್ನಾಟಕ ಕೃಷಿ ಪೀಡೆಗಳು ಮತ್ತು ರೋಗಗಳ ಕಾಯ್ದೆ 1968 ಅನ್ವಯಿಸುತ್ತದೆ.

ವಿದೇಶದಿಂದ ಬೀಜ, ಗೆಡ್ಡೆ, ಸಸಿ ತರುವುದನ್ನು ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ 1914 ಹಾಗೂ ಅದರ ಅಡಿಯಲ್ಲಿನ ಸಸ್ಯ ಸಂಪರ್ಕನಿಷೇಧ ಆದೇಶ 2003 ನಿಯಂತ್ರಿಸುತ್ತವೆ. ಹೊರದೇಶಗಳಲ್ಲಿ ನೆಲೆಸಿರುವ ಬಂಧುಗಳು ರಜೆಗೆ ಬರುವಾಗ ಕೈಚೀಲದಲ್ಲಿ ತರುವ ಹೂವಿನ ಗೆಡ್ಡೆಯೂ ಈ ಆದೇಶದ ವ್ಯಾಪ್ತಿಗೆ ಬರುತ್ತದೆ. ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರದ ಅಗತ್ಯವಿದೆಯೇ ಎಂಬುದನ್ನು ಪ್ರಯಾಣಕ್ಕೆ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ ಸಕ್ಕರ್ ಮೀನು, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆ ಮೊದಲಾದವು ದೊಡ್ಡದಾಗಿ ಸಾಕಲು ಕಷ್ಟವಾದಾಗ ಅವುಗಳನ್ನು ಹತ್ತಿರದ ಕೆರೆಗೆ ಅಥವಾ ದೇವಸ್ಥಾನದ ಕಲ್ಯಾಣಿಗೆ ಬಿಡುವ ಪದ್ಧತಿ ಕಂಡುಬರುತ್ತಿದೆ. ಪುಣ್ಯಕಾರ್ಯವೆಂಬ ಭಾವನೆಯಿಂದ ಹೀಗೆ ಮಾಡುವವರೂ ಇದ್ದಾರೆ. ಕೆರೆಯ ಮೀನು, ಕಪ್ಪೆ, ಆಮೆಗಳ ಆಹಾರ ಮತ್ತು ನೆಲೆಯನ್ನು ಇವು ಕಸಿದುಕೊಳ್ಳುವುದರಿಂದ ಇಂತಹ ಪ್ರಾಣಿಗಳನ್ನು ಖರೀದಿಸಿದ ಅಂಗಡಿಗೆ ಹಿಂತಿರುಗಿಸಬೇಕು ಅಥವಾ ಸಾಕಲು ಸಿದ್ಧರಿರುವ ಇತರರಿಗೆ ನೀಡಬೇಕು. ಈಗಾಗಲೇ ಬಿಟ್ಟಿದ್ದಲ್ಲಿ, ಯಾವ ಕೆರೆಗೆ, ಯಾವಾಗ, ಎಷ್ಟು ಸಂಖ್ಯೆಯಲ್ಲಿ ಎಂಬುದನ್ನು ಮೀನುಗಾರಿಕೆ ಕಚೇರಿಗೆ ತಿಳಿಸುವಂತೆ ಕೋರಲಾಗಿದೆ.